ಮಗುವಿನ ಕಣ್ಣು, ಮೆದುಳು ಎರಡರಲ್ಲೂ ತೊಂದ್ರೆ ಇದ್ಯಾ? ಒಂದು ಕಾಯಿಲೆ ಹೆಸರು ಸಿಕ್ತು ಅಂತ ಫೈಲ್ ಮುಚ್ಚಬೇಡಿ

ನಮ್ಮ ಪುಟ್ಟಿಗೆ ಈಗ ನಾಲ್ಕು ವರ್ಷ. ಅವಳಿಗಿರೋದು ಎರಡು ಬೇರೆ ಬೇರೆ ಜೆನೆಟಿಕ್ ಕಾಯಿಲೆ. ಕಣ್ಣಿಂದು ಲೀಬರ್ ಕಂಜೆನಿಟಲ್ ಅಮೌರೋಸಿಸ್ ಅಂತ, ಕಣ್ಣಿನ ಹಿಂದಿರೋ ರೆಟಿನಾ ಹುಟ್ಟಿದಾಗಿಂದ್ಲೇ ಬೆಳಕನ್ನ ಸರಿಯಾಗಿ ಹಿಡಿಯಲ್ಲ. ತಲೆದು ಪ್ರೈಮರಿ ಮೈಕ್ರೋಸೆಫಲಿ, ಮೆದುಳು ಹೊಟ್ಟೆಯಲ್ಲಿದ್ದಾಗ್ಲೇ ಚಿಕ್ಕದಾಗಿ ಬೆಳೆದಿರೋದು. ಒಂದೊಂದೇ ಅಪರೂಪ, ಎರಡೂ ಒಂದೇ ಮಗುಗೆ ಬರೋದು ಇನ್ನೂ ಅಪರೂಪ, ಅದಕ್ಕೇ ಒಂದು ವರ್ಷಕ್ಕಿಂತ ಹೆಚ್ಚು ಕಾಲ ನಾವು ಎರಡಕ್ಕೂ ಸೇರಿ ಒಂದೇ ಹೆಸರು ಹುಡುಕ್ತಾ ಅಲೆದ್ವಿ. ಈಗ ಆಸ್ಪತ್ರೆ ಕಾರಿಡಾರಲ್ಲಿ ಯಾರಾದ್ರೂ ಅಮ್ಮ ಅಂಥದ್ದೇ ಮಗು ಎತ್ಕೊಂಡು ಕೂತಿರೋದು ನೋಡಿದ್ರೆ ಪಕ್ಕದಲ್ಲಿ ಕೂತು ಎಲ್ಲಾ ಹೇಳ್ಬೇಕು ಅನ್ಸುತ್ತೆ. ಹೇಳೋಕ್ಕೆ ಆಗದೆ ಉಳಿದಿದ್ದನ್ನ ಇಲ್ಲಿ ಬರೀತಿದ್ದೀನಿ. ನಾನು ಡಾಕ್ಟರ್ ಅಲ್ಲ, ಔಷಧಿ ವಿಷಯಕ್ಕೆ ನಿಮ್ಮ ಡಾಕ್ಟರ್ ಮಾತೇ ಕೊನೆ.

ಮೊದಲು, ಏನು ಗಮನಿಸ್ಬೇಕು

ಆರರಿಂದ ಎಂಟು ವಾರಕ್ಕೆ ಮಗು ಅಮ್ಮನ ಮುಖ ದಿಟ್ಟಿಸಿ ನೋಡೋಕೆ ಶುರು ಮಾಡುತ್ತೆ, ನಕ್ಕರೆ ನಗುತ್ತೆ. ಮೂರು ತಿಂಗಳಿಗೆ ಮುಂದೆ ಆಡಿಸಿದ ಗಿಲಕಿ ಕಡೆ ಕಣ್ಣು ತಿರುಗ್ಬೇಕು. ಅದಾಗ್ತಿಲ್ಲ, ಕಣ್ಣುಗುಡ್ಡೆ ತೂಗುಯ್ಯಾಲೆ ಥರ ಅತ್ತಿತ್ತ ಓಡಾಡ್ತಿದೆ, ಮಗು ಮುಷ್ಟಿಯಿಂದ ಕಣ್ಣು ಒತ್ಕೊಳ್ತಾನೇ ಇರುತ್ತೆ, ಬಿಸಿಲಿಗೆ ಬಂದ ತಕ್ಷಣ ಕಣ್ಣು ಗಟ್ಟಿಯಾಗಿ ಮುಚ್ಚುತ್ತೆ ಅಂದ್ರೆ ಕಾಯ್ಬೇಡಿ. ಪುಟ್ಟಿ ಕಣ್ಣು ಒತ್ಕೊಂಡಾಗೆಲ್ಲ ನಾವು ನಿದ್ದೆ ಬಂತು ಅನ್ಕೊಂಡು ತೊಟ್ಟಿಲಿಗೆ ಹಾಕ್ತಿದ್ವಿ. ಹಾಗೆ ಒತ್ತಿದಾಗ ರೆಟಿನಾದಲ್ಲಿ ಬೆಳಕಿನ ಕಿಡಿ ಬಂದಂಗೆ ಅನ್ಸುತ್ತಂತೆ, ಕಣ್ಣು ಕಾಣದ ಮಕ್ಕಳು ಅದನ್ನೇ ಹುಡುಕ್ತಾರೆ ಅಂತ ಆಮೇಲೆ ಗೊತ್ತಾಯ್ತು.

ತಲೆ ವಿಷಯಕ್ಕೆ ಒಂದು ಟೇಪ್ ಸಾಕು. ಹುಬ್ಬಿನ ಮೇಲಿಂದ ಹಿಂದೆ ತಲೆ ಉಬ್ಬಿರೋ ಕಡೆ ಸುತ್ತಿ ಅಳೀಬೇಕು. ತಿಂಗಳು ತುಂಬಿ ಹುಟ್ಟಿದ ಮಗುವಿನ ತಲೆ ಸುತ್ತಳತೆ ಸಾಮಾನ್ಯವಾಗಿ 34, 35 ಸೆಂಟಿಮೀಟರ್ ಹತ್ರ ಇರುತ್ತೆ, ಮೊದಲ ಮೂರು ತಿಂಗಳು ತಿಂಗಳಿಗೆ ಹತ್ತತ್ರ 2 ಸೆಂಟಿಮೀಟರ್, ಮುಂದಿನ ಮೂರು ತಿಂಗಳು 1, ಆಮೇಲೆ ವರ್ಷ ತುಂಬೋವರೆಗೂ ಅರ್ಧ ಅರ್ಧ ಬೆಳೆಯುತ್ತೆ. ಪುಟ್ಟಿದು ಹುಟ್ಟಿದಾಗ ಮೂವತ್ತೂವರೆ ಇತ್ತು, ತಾಯಿ ಕಾರ್ಡಲ್ಲಿ ಬರೆದೂ ಇತ್ತು, ಆ ನಂಬರ್ ಬಗ್ಗೆ ನಮಗೆ ಯಾರೂ ಏನೂ ಹೇಳ್ಲಿಲ್ಲ, ನಾವೂ ಕೇಳ್ಲಿಲ್ಲ. ನೀವು ಇವತ್ತೇ ಕಾರ್ಡ್ ತೆಗೆದು ನೋಡಿ.

ನಮ್ಮನೇಲಿ ಅಜ್ಜಿ "ನಿಮ್ಮಮ್ಮನೂ ಹಿಂಗೇ ನಿಧಾನ ಕಣೇ, ಬರ್ತಾಳೆ ಬಿಡು" ಅಂತಿದ್ರು. ಪ್ರೀತಿಯಿಂದ್ಲೇ ಅಂದಿದ್ದು, ಆದ್ರೆ ಅದರಲ್ಲಿ ಎರಡು ತಿಂಗಳು ಹೋಯ್ತು. ಕಣ್ಣಿಗೆ ಎದೆಹಾಲು ಬಿಡೋದು, ಜೇನುತುಪ್ಪ ಹಚ್ಚೋದು ಬೇಡ. ಬಾಲಗ್ರಹ ಅಂತ ಹೊಟ್ಟೆ ಮೇಲೆ ಬರೆ ಹಾಕಿಸೋದು ಇನ್ನೂ ಕೆಲವು ಕಡೆ ನಡೀತಿದೆ, ದಯವಿಟ್ಟು ಯಾರ ಬಲವಂತಕ್ಕೂ ಮಗುವನ್ನ ಅದಕ್ಕೆ ಕೊಡ್ಬೇಡಿ. ದೇವರಿಗೆ ಹರಕೆ ಹೊತ್ಕೊಳ್ಳಿ, ದೃಷ್ಟಿ ತೆಗೀರಿ, ಅದಕ್ಕೆ ನಾನು ಬೇಡ ಅನ್ನಲ್ಲ.

ಎರಡನೇದು, ಚಿಕಿತ್ಸೆ ಇರೋ ಕಾಯಿಲೆನ ಮೊದಲು ಹುಡುಕಿಸಿ

ಡಾಕ್ಟರ್ ಹತ್ರ ಹೋದ ತಕ್ಷಣ ದೊಡ್ಡ ಜೆನೆಟಿಕ್ ಟೆಸ್ಟ್ ಕಡೆ ಓಡ್ಬೇಡಿ. ಕಣ್ಣು ಮತ್ತು ಮೆದುಳು ಎರಡನ್ನೂ ಹಿಡಿಯೋ ಕಾಯಿಲೆಗಳಲ್ಲಿ ಕೆಲವಕ್ಕೆ ಬೇಗ ಗೊತ್ತಾದ್ರೆ ಚಿಕಿತ್ಸೆ ಇದೆ, ಅದಕ್ಕೆ ಕಾಲ ಮೀರಬಾರ್ದು. ಗ್ಯಾಲಕ್ಟೋಸೀಮಿಯಾ ಇದ್ರೆ ಹಾಲಿನ ಸಕ್ಕರೆಯನ್ನ ಮೈ ಬಳಸ್ಕೊಳ್ಳೋಕೆ ಆಗದೆ ಕಣ್ಣಿಗೆ ಪೊರೆ ಬರುತ್ತೆ, ಲಿವರ್, ಮೆದುಳು ಹಾಳಾಗುತ್ತೆ, ಎದೆಹಾಲೂ ಸೇರಿ ಹಾಲು ನಿಲ್ಲಿಸಿ ಬೇರೆ ಫಾರ್ಮುಲಾ ಕೊಡ್ಬೇಕಾಗುತ್ತೆ. ಬಯೋಟಿನಿಡೇಸ್ ಕೊರತೆಯಲ್ಲಿ ಫಿಟ್ಸ್, ಕೂದಲು ಉದುರೋದು, ಚರ್ಮದ ಗುಳ್ಳೆ, ಕಣ್ಣಿನ ನರ ಸೊರಗೋದು ಎಲ್ಲಾ ಬರ್ಬೋದು, ಔಷಧಿ ಅಂದ್ರೆ ದಿನಾ ಬಯೋಟಿನ್ ವಿಟಮಿನ್, ಅಷ್ಟೇ! ಸೆಪ್ಟೋ ಆಪ್ಟಿಕ್ ಡಿಸ್ಪ್ಲೇಸಿಯಾ ಅಂತ ಇನ್ನೊಂದಿದೆ, ಅದರಲ್ಲಿ ಕಣ್ಣಿನ ನರ ಸಣ್ಣದಿರುತ್ತೆ, ಜೊತೆಗೆ ಮೆದುಳಿನ ಕೆಳಗಿರೋ ಪಿಟ್ಯುಟರಿ ಗ್ರಂಥಿ ಕೆಲಸ ಮಾಡದೆ ಶುಗರ್ ಇಳಿದುಹೋಗೋದು, ಕಾಮಾಲೆ ವಾರಗಟ್ಟಲೆ ಎಳೆಯೋದು ಆಗುತ್ತೆ, ಹಾರ್ಮೋನ್ ಟೆಸ್ಟ್ ಮಾಡಿಸದೇ ಬಿಟ್ರೆ ಪ್ರಾಣಕ್ಕೇ ಅಪಾಯ.

ಹುಟ್ಟಿನಿಂದ ಕಣ್ಣಿನ ಪೊರೆ ಇದ್ರೆ ಆಪರೇಷನ್ ಎಂಟು ವಾರದೊಳಗೆ ಆದಷ್ಟೂ ಒಳ್ಳೇದು. ಬಸುರಿಯಲ್ಲಿ ಬಂದ ಸಿಎಂವಿ ವೈರಸ್ ಸೋಂಕು ಕೂಡ ಸಣ್ಣ ತಲೆ, ಕಣ್ಣಿನ ತೊಂದ್ರೆ ಎರಡನ್ನೂ ಮಾಡುತ್ತೆ. ಅದನ್ನ ಖಚಿತವಾಗಿ ಹಿಡೀಬೇಕು ಅಂದ್ರೆ ಹುಟ್ಟಿದ ಮೂರು ವಾರದೊಳಗೆ ಮೂತ್ರ ಅಥವಾ ಜೊಲ್ಲಿನ ಪಿಸಿಆರ್ ಆಗ್ಬೇಕು.

ಮೂರನೇದು, ಕಣ್ಣಿನ ಟೆಸ್ಟು

ಇಲ್ಲೇ ನಾವು ಎಡವಿದ್ದು. ಮೊದಲು ನೋಡಿದವರು ಡ್ರಾಪ್ಸ್ ಹಾಕಿ ಒಳಗೆಲ್ಲಾ ನೋಡಿ "ಕಣ್ಣು ಚೆನ್ನಾಗಿದೆ, ಮೆದುಳಿಂದಲೇ ಹೀಗೆ" ಅಂದ್ರು. ಮೆದುಳಿನ ತೊಂದ್ರೆಯಿಂದ ನೋಟ ಬರದೇ ಇರೋದು ನಿಜವಾಗ್ಲೂ ಇದೆ, ಸಿವಿಐ ಅಂತಾರೆ, ಕಣ್ಣು ಸರಿ ಇರುತ್ತೆ, ಕಂಡಿದ್ದು ಮೆದುಳಿಗೆ ಅರ್ಥ ಆಗಲ್ಲ. ಆದ್ರೆ ಲೀಬರ್ ಕಾಯಿಲೆಯ ಕೆಲವು ಬಗೆಯಲ್ಲಿ, ಮುಖ್ಯವಾಗಿ ಪುಟ್ಟಿಗಿರೋ ಜಿಯುಸಿವೈ2ಡಿ ಜೀನ್‌ನಿಂದ ಬರೋದ್ರಲ್ಲಿ, ರೆಟಿನಾ ನೋಡೋಕೆ ಹತ್ತತ್ರ ನಾರ್ಮಲ್ಲಾಗೇ ಕಾಣುತ್ತೆ, ಕೆಲಸ ಮಾತ್ರ ಮಾಡಲ್ಲ. ಅದನ್ನ ಹಿಡಿಯೋದು ಇಆರ್‌ಜಿ ಅನ್ನೋ ಟೆಸ್ಟು. ಬೆಳಕು ಫ್ಲಾಶ್ ಮಾಡಿ ರೆಟಿನಾದ ಕರೆಂಟ್ ಅಳೀತಾರೆ. ಪುಟ್ಟಿದು ಸ್ಕೇಲಲ್ಲಿ ಗೀಟು ಎಳೆದಂಗೆ ಸಪಾಟಾಗಿ ಬಂತು. ಹಾಗಾಗಿ "ಕಣ್ಣು ನಾರ್ಮಲ್" ಅಂದ್ರೆ, ಇಆರ್‌ಜಿ ಆಗಿದ್ಯಾ ಡಾಕ್ಟ್ರೇ ಅಂತ ಕೇಳಿ.

ನಾಲ್ಕನೇದು, ಎಂಆರ್‌ಐ

ಇದನ್ನ ಬೇಗ ಹೇಳ್ಬಿಡ್ತೀನಿ. ಮಗುವಿಗೆ ಮಂಪರು ಔಷಧಿ ಕೊಡ್ತಾರೆ, ಎಷ್ಟು ಗಂಟೆಯಿಂದ ಹಾಲು ನಿಲ್ಲಿಸ್ಬೇಕು ಅನ್ನೋದನ್ನ ಮುಂಚೇನೇ ಬರೆಸ್ಕೊಳ್ಳಿ. ನೆಗಡಿ ಕೆಮ್ಮು ಇದ್ರೆ ಫೋನ್ ಮಾಡಿ ಹೇಳಿ. ಸಿಡಿ ಕೇಳಿ ಇಸ್ಕೊಳ್ಳಿ, ಬರೀ ಫಿಲ್ಮ್ ಸಾಲದು. ಪುಟ್ಟಿಗೆ ಮೊದಲು ಅನುಮಾನ ಪಟ್ಟಿದ್ದು ಜೌಬರ್ಟ್ ಸಿಂಡ್ರೋಮ್, ಅದು ಒಂದೇ ಜೀನ್ ಕೆಟ್ಟು ಕಣ್ಣು, ಮೆದುಳು, ಕೆಲವರಿಗೆ ಕಿಡ್ನಿ ಎಲ್ಲಾ ಹಿಡಿಯೋ ಕಾಯಿಲೆ, ಉದಾಹರಣೆಗೆ ಸಿಇಪಿ290 ಜೀನ್. ಆದ್ರೆ ಅದಿದ್ರೆ ಎಂಆರ್‌ಐಯಲ್ಲಿ ಮೆದುಳಿನ ಕಾಂಡದ ಹತ್ರ ದವಡೆ ಹಲ್ಲಿನ ಆಕಾರ ಕಾಣುತ್ತಂತೆ, ನಮ್ಮದ್ರಲ್ಲಿ ಅದಿರ್ಲಿಲ್ಲ.

ಐದನೇದು, ಜೆನೆಟಿಕ್ ಟೆಸ್ಟ್ ಮತ್ತು ಆ ಫಾರ್ಮು

ಮಗುವಿಂದ ಎರಡು ಮೂರು ಎಂಎಲ್ ರಕ್ತ ತಗೋತಾರೆ, ಆದ್ರೆ ಅಪ್ಪ ಅಮ್ಮನ ರಕ್ತಾನೂ ಸೇರಿಸಿ ಕಳಿಸಿದ್ರೆ ಉತ್ತರ ಸಿಗೋ ಸಾಧ್ಯತೆ ಜಾಸ್ತಿ. ರಕ್ತಕ್ಕಿಂತ ಮುಖ್ಯ ಅದರ ಜೊತೆ ಹೋಗೋ ಫಾರ್ಮು. ಲ್ಯಾಬ್‌ನವರು ಸಾವಿರಾರು ಬದಲಾವಣೆ ಮಧ್ಯೆ ಹುಡುಕೋದು ಆ ಫಾರ್ಮಲ್ಲಿ ಬರೆದಿರೋ ಲಕ್ಷಣ ಇಟ್ಕೊಂಡು. ನಮ್ಮ ಮೊದಲನೇ ಫಾರ್ಮಲ್ಲಿ "ದೃಷ್ಟಿ ಇಲ್ಲ, ಕಣ್ಣು ಅಲುಗಾಡುತ್ತೆ" ಅಂತ ಅಷ್ಟೇ ಹೋಗಿತ್ತು, ಕಣ್ಣಿನ ಜೀನ್‌ಗಳ ಪ್ಯಾನೆಲ್ ಮಾತ್ರ ಮಾಡಿದ್ರು, ಜಿಯುಸಿವೈ2ಡಿ ಸಿಕ್ತು. ಹೆಸರು ಸಿಕ್ತಲ್ಲ ಅಂತ ಅವತ್ತು ಅತ್ತು ಸಮಾಧಾನ ಮಾಡ್ಕೊಂಡು ಮನೆಗೆ ಬಂದ್ವಿ, ತಲೆ ಸಣ್ಣಗಿರೋದೂ ಇದರದ್ದೇ ಭಾಗ ಇರ್ಬೇಕು ಅಂತ ಅಲ್ಲಿನವರೂ ಅಂದ್ರು. ಆರು ತಿಂಗಳಾದ್ಮೇಲೆ ಬೇರೆ ಕಡೆ ಒಬ್ಬ ಜೆನೆಟಿಕ್ಸ್ ಡಾಕ್ಟರಮ್ಮ ಫೈಲ್ ತಿರುವಿ ಹಾಕ್ತಾ, "ಈ ಜೀನ್ ರೆಟಿನಾದಲ್ಲಿ ಕೆಲಸ ಮಾಡೋದಮ್ಮ, ತಲೆ ಸುತ್ತಳತೆಗೂ ಇದಕ್ಕೂ ಏನು ಸಂಬಂಧ?" ಅಂತ ಕೇಳಿದ್ರು. ಆ ಒಂದು ಪ್ರಶ್ನೆಯಿಂದ ಎಕ್ಸೋಮ್ ಟೆಸ್ಟ್, ಅಂದ್ರೆ ಹತ್ತತ್ರ ಎಲ್ಲಾ ಜೀನ್‌ಗಳನ್ನೂ ಒಟ್ಟಿಗೆ ಓದೋ ಟೆಸ್ಟ್ ಆಯ್ತು, ಎಎಸ್‌ಪಿಎಂ ಅನ್ನೋ ಎರಡನೇ ಜೀನ್ ಸಿಕ್ತು, ಪ್ರೈಮರಿ ಮೈಕ್ರೋಸೆಫಲಿ ಇರೋ ಮಕ್ಕಳಲ್ಲಿ ಹೆಚ್ಚಾಗಿ ಸಿಗೋ ಜೀನ್ ಅದು.

ನೀವೂ ಇದನ್ನೇ ಕೇಳಿ. "ಈ ಒಂದು ಜೀನ್‌ನಿಂದ ನನ್ನ ಮಗುವಿನ ಎಲ್ಲಾ ಲಕ್ಷಣಕ್ಕೂ ಉತ್ತರ ಸಿಗುತ್ತಾ?" ಇಲ್ಲ ಅಂದ್ರೆ ಇನ್ನೊಂದು ಹುಡುಕ್ಬೇಕು. ಇದೇನು ನಮ್ಮ ಒಬ್ಬರ ಕಥೆ ಅಲ್ಲ. 2017ರಲ್ಲಿ ಪ್ರಕಟವಾದ ಅಮೆರಿಕದ ಒಂದು ದೊಡ್ಡ ಅಧ್ಯಯನದಲ್ಲಿ ಎಕ್ಸೋಮ್‌ನಿಂದ ಉತ್ತರ ಸಿಕ್ಕ 2076 ಜನರಲ್ಲಿ 101 ಜನಕ್ಕೆ ಎರಡು ಅಥವಾ ಅದಕ್ಕಿಂತ ಹೆಚ್ಚು ಕಾಯಿಲೆ ಇತ್ತು, ಅಂದ್ರೆ ನೂರಕ್ಕೆ ಐದು ಜನ.

ಎಲ್ಲಿಗೆ ಹೋಗೋದು ಅಂದ್ರೆ, ಬೆಂಗಳೂರಲ್ಲಿ ಇಂದಿರಾ ಗಾಂಧಿ ಮಕ್ಕಳ ಆಸ್ಪತ್ರೆ, ಸೆಂಟರ್ ಫಾರ್ ಹ್ಯೂಮನ್ ಜೆನೆಟಿಕ್ಸ್, ನಿಮ್ಹಾನ್ಸ್ ಇವೆ, ಕರಾವಳಿ ಕಡೆಯವರಿಗೆ ಮಣಿಪಾಲದ ಕೆಎಂಸಿಯಲ್ಲಿ ಜೆನೆಟಿಕ್ಸ್ ವಿಭಾಗ ಇದೆ. ಮೊದಲ ಹೆಜ್ಜೆಗೆ ನಿಮ್ಮ ಜಿಲ್ಲಾಸ್ಪತ್ರೆಯಲ್ಲಿ ಮಕ್ಕಳ ತೊಂದ್ರೆನ ಬೇಗ ಪತ್ತೆ ಮಾಡೋ ಡಿಇಐಸಿ ಕೇಂದ್ರ ಕೇಳಿ, ಆಶಾ ಕಾರ್ಯಕರ್ತೆಗೂ ಗೊತ್ತಿರುತ್ತೆ.

ರಿಪೋರ್ಟ್ ಬಂದ್ಮೇಲೆ

ಮೂರು ಪದ ಗೊತ್ತಿದ್ರೆ ಸಾಕು. ಪ್ಯಾಥೋಜೆನಿಕ್ ಅಂದ್ರೆ ಕಾಯಿಲೆ ತರೋ ಬದಲಾವಣೆ. ಹೋಮೋಜೈಗಸ್ ಅಂದ್ರೆ ಅಪ್ಪನಿಂದ ಬಂದ ಕಾಪಿ, ಅಮ್ಮನಿಂದ ಬಂದ ಕಾಪಿ ಎರಡರಲ್ಲೂ ಅದೇ ತಪ್ಪಿದೆ. ವಿಯುಎಸ್ ಅಂದ್ರೆ ಬದಲಾವಣೆ ಇದೆ, ಕೆಟ್ಟದೋ ಒಳ್ಳೇದೋ ಇನ್ನೂ ಹೇಳೋಕ್ಕಾಗಲ್ಲ ಅಂತ, ಅದರ ಮೇಲೆ ಮುಂದಿನ ಬಸುರಿ ಬಗ್ಗೆ ಯಾವ ನಿರ್ಧಾರಾನೂ ಮಾಡ್ಬಾರ್ದು. ರಾ ಡೇಟಾ, ಅಂದ್ರೆ ಟೆಸ್ಟಿನ ಮೂಲ ಫೈಲ್, ಕೇಳಿ ಪೆನ್‌ಡ್ರೈವಲ್ಲಿ ಇಟ್ಕೊಳ್ಳಿ, ಈಗ ಉತ್ತರ ಸಿಗದೇ ಹೋದ್ರೂ ಒಂದೆರಡು ವರ್ಷ ಬಿಟ್ಟು ಮತ್ತೆ ನೋಡಿಸಿದ್ರೆ ಸಿಗೋದುಂಟು.

ಚಿಕಿತ್ಸೆ ಬಗ್ಗೆ ವಾಟ್ಸಾಪಲ್ಲಿ ಬರೋದೆಲ್ಲಾ ನಂಬ್ಬೇಡಿ. ಲೀಬರ್ ಕಾಯಿಲೆಗೆ ಜೀನ್ ಥೆರಪಿ ಇದೆ ಅನ್ನೋದು ಅರ್ಧ ಸತ್ಯ. ಅಮೆರಿಕದಲ್ಲಿ 2017ರ ಡಿಸೆಂಬರಲ್ಲಿ ಒಪ್ಪಿಗೆ ಸಿಕ್ಕ ಲಕ್ಸ್ಟರ್ನಾ ಆರ್‌ಪಿಇ65 ಜೀನ್ ಕೆಟ್ಟಿರೋರಿಗೆ ಮಾತ್ರ. ಪುಟ್ಟಿಯ ಜೀನ್‌ಗೆ ಇನ್ನೂ ಪ್ರಯೋಗದ ಹಂತದಲ್ಲಿದೆ. ಹಾಗಾಗಿ ಜೀನ್ ಹೆಸರು ಗೊತ್ತಿರೋದು ಮುಖ್ಯ. ಸ್ಟೆಮ್ ಸೆಲ್ ಹಾಕಿ ಕಣ್ಣು ಬರಿಸ್ತೀವಿ ಅಂತ ದುಡ್ಡು ಕೇಳೋರ ಹತ್ರ ಹೋಗ್ಬೇಡಿ.

ನಮಗೇ ಯಾಕೆ, ಮುಂದಿನ ಮಗು ಹೇಗೆ

ನಾನು ಮದುವೆ ಆಗಿರೋದು ನಮ್ಮಮ್ಮನ ತಮ್ಮನ್ನ. ನಮ್ಮಜ್ಜಿನೇ ನನಗೆ ಅತ್ತೆ. ನಮ್ಮ ಕಡೆ ಇದು ಹೊಸದೇನಲ್ಲ, ಕರ್ನಾಟಕದಲ್ಲಿ ಕಾಲು ಭಾಗದಷ್ಟು ಮದುವೆ ಸಂಬಂಧದೊಳಗೇ ಆಗುತ್ತೆ. ಪ್ರತಿಯೊಬ್ಬರ ಮೈಯಲ್ಲೂ ಸುಮ್ಮನೆ ಮಲಗಿರೋ ಕೆಲವು ಕೆಟ್ಟ ಜೀನ್ ಇದ್ದೇ ಇರುತ್ತೆ, ಜೋಡಿ ಸಿಗದೇ ಇದ್ರೆ ಏನೂ ಮಾಡಲ್ಲ. ಸೋದರಮಾವ ಮತ್ತೆ ಸೊಸೆ ಮಧ್ಯೆ ಕಾಲು ಭಾಗ ಜೀನ್ ಒಂದೇ ಇರುತ್ತೆ, ಅತ್ತೆ ಮಗ ಮಾವನ ಮಗಳಲ್ಲಿ ಎಂಟನೇ ಒಂದು ಭಾಗ. ಹಾಗಾಗಿ ಜೋಡಿ ಸಿಗೋ ಸಾಧ್ಯತೆ ಹೆಚ್ಚು, ಒಂದಲ್ಲ, ಎರಡು ಜೋಡಿಯೂ ಸಿಗ್ಬೋದು. ಸಂಬಂಧದಲ್ಲಿ ಆದವರಿಗೆಲ್ಲಾ ಹೀಗಾಗಲ್ಲ, ಹೊರಗಿಂದ ತಂದವರಿಗೂ ಆಗುತ್ತೆ. ಯಾರ ಪಾಪಾನೂ ಅಲ್ಲ, ಗ್ರಹಣದಲ್ಲಿ ಹೊರಗೆ ಬಂದಿದ್ದಕ್ಕೂ ಅಲ್ಲ.

ಲೆಕ್ಕ ನನಗೆ ಡಾಕ್ಟರಮ್ಮ ಹೇಳಿದಾಗ ತಲೆಗೆ ಹತ್ತಲಿಲ್ಲ. ಮನೆಗೆ ಬಂದು ರಂಗೋಲಿ ಚುಕ್ಕಿ ಇಟ್ಟು ನೋಡಿದ್ಮೇಲೆ ಅರ್ಥ ಆಯ್ತು. ಒಂದೊಂದು ಕಾಯಿಲೆಯೂ ಬರೋ ಸಾಧ್ಯತೆ 4ರಲ್ಲಿ 1, ಅದಕ್ಕೇ ನಾಲ್ಕು ಸಾಲು, ಸಾಲಿಗೆ ನಾಲ್ಕು ಚುಕ್ಕಿ ಇಡಿ, ಒಟ್ಟು 16. ಮೇಲಿನ ಅಡ್ಡ ಸಾಲು ಕಣ್ಣಿನ ಕಾಯಿಲೆ, ಎಡಗಡೆ ಉದ್ದ ಸಾಲು ತಲೆ ಕಾಯಿಲೆ. ಎರಡೂ ಸೇರೋ ಮೂಲೆ ಚುಕ್ಕಿ ಒಂದೇ, ಅದೇ ಪುಟ್ಟಿ. ಅಡ್ಡ ಸಾಲಲ್ಲಿ ಉಳಿದ ಮೂರು ಬರೀ ಕಣ್ಣಿಂದು, ಉದ್ದ ಸಾಲಲ್ಲಿ ಉಳಿದ ಮೂರು ಬರೀ ತಲೆದು, ಮಿಕ್ಕ ಒಂಬತ್ತು ಚುಕ್ಕಿ ಎರಡೂ ಇಲ್ಲದ ಮಕ್ಕಳು. ಅಂದ್ರೆ 16ರಲ್ಲಿ 7 ಭಾಗ ಒಂದಾದ್ರೂ ಕಾಯಿಲೆ ಬರೋ ಸಾಧ್ಯತೆ. ಒಂದೇ ಕಾಯಿಲೆ ಗೊತ್ತಿದ್ದಾಗ ನಾವು 4ರಲ್ಲಿ 1 ಅಂತ ಅನ್ಕೊಂಡಿದ್ವಿ! ಪ್ರತಿ ಬಸುರಿಗೂ ಚುಕ್ಕಿ ಹೊಸದಾಗಿ ಇಟ್ಟಂಗೆ, ಮೊದಲನೇದಕ್ಕೆ ಬಂತು ಇನ್ನು ಬರಲ್ಲ ಅನ್ನೋದಿಲ್ಲ. ಇನ್ನೊಂದು ಮಾತು, ಎರಡು ಜೀನ್ ಒಂದೇ ಕ್ರೋಮೋಸೋಮಲ್ಲಿ ಅಕ್ಕಪಕ್ಕ ಕೂತಿದ್ರೆ ಈ ಚುಕ್ಕಿ ಲೆಕ್ಕ ನಡೆಯಲ್ಲ, ಎರಡೂ ಹೆಚ್ಚಾಗಿ ಒಟ್ಟಿಗೇ ಇಳಿದು ಬರುತ್ವೆ. ಎಎಸ್‌ಪಿಎಂ ಪಕ್ಕದಲ್ಲೇ ಲೀಬರ್ ಕಾಯಿಲೆಯ ಸಿಆರ್‌ಬಿ1 ಜೀನ್ ಇದೆ, ಒಂದನೇ ಕ್ರೋಮೋಸೋಮಲ್ಲಿ. ನಮ್ಮದು ಒಂದು ಅಲ್ಲಿ, ಇನ್ನೊಂದು 17ರಲ್ಲಿ. ನಿಮ್ಮದು ಎಲ್ಲಿ ಅಂತ ಕೌನ್ಸೆಲರ್ ಹತ್ರ ಕೇಳಿ.

ಮುಂದಿನ ಮಗುಗೆ ಟೆಸ್ಟ್ ಮಾಡಿಸೋ ಹಾಗಿದ್ರೆ ಬಸುರಿ ಆಗೋಕೆ ಮುಂಚೆನೇ ಅಪ್ಪ ಅಮ್ಮ ಇಬ್ಬರ ರಿಪೋರ್ಟ್ ಕೈಯಲ್ಲಿರ್ಲಿ. 11ರಿಂದ 13 ವಾರದೊಳಗೆ ಮಾಸದ ಚೂರು ತೆಗೆದು ಮಾಡೋದು ಸಿವಿಎಸ್, 16 ವಾರದ ಮೇಲೆ ಹೊಟ್ಟೆಯಲ್ಲಿ ಮಗುವಿನ ಸುತ್ತ ಇರೋ ನೀರು ತೆಗೆದು ಮಾಡೋದು ಆಮ್ನಿಯೋ. ಎರಡೂ ಜೀನ್ ನೋಡಿ ಅಂತ ಬರೆದು ಕೊಡಿ. ಏನು ನಿರ್ಧಾರ ಅನ್ನೋದು ನಿಮ್ಮಿಬ್ಬರದ್ದು, ಅತ್ತೆದೂ ಅಲ್ಲ, ನನ್ನದೂ ಅಲ್ಲ.

ಮನೇಲಿ ಏನು ಮಾಡೋದು

ಇದಕ್ಕೆ ರಿಪೋರ್ಟ್ ಬರೋವರೆಗೂ ಕಾಯ್ಬೇಡಿ. ನನಗೆ ತುಂಬಾ ದುಃಖ ಕೊಟ್ಟಿದ್ದು ಪುಟ್ಟಿ ನನ್ನ ಕಡೆ ತಿರುಗದೇ ಇದ್ದಿದ್ದು, ಕರೆದ್ರೆ ಕೈಕಾಲು ಆಡಿಸೋದೂ ನಿಲ್ಲಿಸಿ ಮರಗಟ್ಟಿದಂಗೆ ಇದ್ಬಿಡ್ತಿದ್ಳು, ನನ್ನ ಮಗುಗೆ ನಾನು ಬೇಡ ಅನ್ಸಿತ್ತು. ಥೆರಪಿಸ್ಟ್ ಒಂದು ದಿನ ಸ್ಟೀಲ್ ಲೋಟಕ್ಕೆ ಚಮಚ ತಟ್ಟಿ ತೋರಿಸಿದ್ರು, "ಮುಖ ನೋಡ್ಬೇಡಿ, ಬೆರಳು ನೋಡಿ" ಅಂತ. ಟಣ್ ಅಂದ ಕೂಡ್ಲೇ ಮೈಯೆಲ್ಲಾ ನಿಶ್ಚಲ ಆಯ್ತು, ಆದ್ರೆ ಬಲಗೈಯ ಎರಡು ಬೆರಳು ಮೆಲ್ಲಗೆ ಬಿಚ್ಕೊಂಡು ಮುಚ್ಕೊಳ್ತಿತ್ತು. ಕಾಣದ ಮಗು ಕೇಳಿಸ್ಕೊಳ್ಳೋಕೆ ಸುಮ್ಮನಾಗುತ್ತೆ. ಅಲ್ಲಿವರೆಗೂ ಅವಳು ನಮ್ಮ ಮಾತೆಲ್ಲಾ ಕೇಳಿಸ್ಕೊಂಡೇ ಇದ್ಳು.

ಮುಟ್ಟೋಕೆ ಮುಂಚೆ ಮಾತಾಡ್ಸಿ, "ಪುಟ್ಟಿ, ಅಮ್ಮ ಬಂದೆ, ಎತ್ಕೊಳ್ತೀನಿ" ಅಂತ, ಸಡನ್ನಾಗಿ ಎತ್ತಿದ್ರೆ ಬೆಚ್ಚಿ ಬೀಳ್ತಾರೆ. ಮನೇಲಿ ಒಬ್ಬೊಬ್ಬರಿಗೂ ಒಂದು ಗುರುತು ಇರ್ಲಿ, ನನ್ನದು ಗಾಜಿನ ಬಳೆ, ಅಜ್ಜಿದು ಎಲೆ ಅಡಿಕೆ ವಾಸನೆ. ರಾಗಿ ಸರಿ ತಿನ್ನಿಸೋಕೆ ಮುಂಚೆ ಬಟ್ಟಲು ಮುಟ್ಟಿಸಿ, ಮೂಸಿಸಿ, ಆಮೇಲೆ ಬಾಯಿಗೆ. ಸ್ವಲ್ಪ ಬೆಳಕು ಗೊತ್ತಾಗೋ ಮಕ್ಕಳಿಗೆ ಕಪ್ಪು ಬಿಳಿ ಪಟ್ಟೆ, ಕೆಂಪು ಹಳದಿ ಬಟ್ಟೆ ಒಂದೊಂದೇ, ನಿಧಾನಕ್ಕೆ ತೋರಿಸಿ, ಟಾರ್ಚ್ ನೇರ ಕಣ್ಣಿಗೆ ಬಿಡ್ಬೇಡಿ. ಕಣ್ಣು ಒತ್ಕೊಳ್ಳೋಕೆ ಕೈ ಹೋದ್ರೆ ಬೈಬೇಡಿ, ಕೈಗೆ ಇನ್ನೇನಾದ್ರೂ ಕೊಡಿ, ವರ್ಷಗಟ್ಟಲೆ ಒತ್ತಿದ್ರೆ ಕಣ್ಣು ಗುಳಿ ಬೀಳುತ್ತೆ. ಬಿಸಿಲಿಗೆ ಅಂಚಿರೋ ಟೋಪಿ. ನಿದ್ದೆ ಹಗಲು ರಾತ್ರಿ ತಿರುಗುಮುರುಗು ಆಗೋದು ಸಾಮಾನ್ಯ, ಅದಕ್ಕೆ ಸ್ನಾನ, ಊಟ, ಮಲಗಿಸೋದು ದಿನಾ ಅದೇ ಟೈಮಿಗೆ.

ಫಿಟ್ಸ್ ಬಗ್ಗೆ ಸ್ವಲ್ಪ ನಿಂತು ಓದಿ. ಪುಟ್ಟಿಗೆ ಒಂಬತ್ತನೇ ತಿಂಗಳಲ್ಲಿ ಬಂದಾಗ ಪಕ್ಕದ ಮನೆಯವರು ಕೈಗೆ ಬೀಗದ ಕೈ ಕೊಡೋಕೆ ಬಂದ್ರು. ಏನೂ ಕೊಡ್ಬೇಡಿ, ಬಾಯಿಗೆ ಚಮಚ, ಬಟ್ಟೆ, ನೀರು ಯಾವುದೂ ಬೇಡ. ಒಂದು ಮಗ್ಗುಲಿಗೆ ಮಲಗಿಸಿ, ಟೈಮ್ ನೋಡಿ, ಇನ್ನೊಬ್ಬರು ಮೊಬೈಲಲ್ಲಿ ವಿಡಿಯೋ ತೆಗೀಲಿ. ಐದು ನಿಮಿಷ ಆದ್ರೂ ನಿಲ್ಲದೇ ಇದ್ರೆ ಡಾಕ್ಟರ್ ಬರೆದುಕೊಟ್ಟಿರೋ ಮಿಡಜೋಲಂ ಮೂಗಿನ ಸ್ಪ್ರೇ ಹಾಕಿ ಆಸ್ಪತ್ರೆಗೆ ಹೊರಡಿ. ಮಗು ನಿದ್ದೆಯಿಂದ ಎದ್ದಾಗ ಮೇಲಿಂದ ಮೇಲೆ ಮುಂದಕ್ಕೆ ಬಗ್ಗಿ ಕೈ ಅಗಲಿಸೋದು, ಒಂದೈದು ಸೆಕೆಂಡ್ ಬಿಟ್ಟು ಮತ್ತೆ ಹಾಗೇ ಮಾಡೋದು ಕಂಡ್ರೆ ಅದು ಬೆಚ್ಚಿ ಬೀಳೋದೂ ಅಲ್ಲ, ಹೊಟ್ಟೆನೋವೂ ಅಲ್ಲ, ಇನ್‌ಫೆಂಟೈಲ್ ಸ್ಪಾಸಮ್ ಇರ್ಬೋದು. ಅದಕ್ಕೆ ಅವತ್ತೇ ತೋರಿಸಿ, ಮೆದುಳಿನ ಕರೆಂಟ್ ಅಳೆಯೋ ಇಇಜಿ ಟೆಸ್ಟ್ ಆಗ್ಬೇಕು. ಅದಕ್ಕೆ ಕೊಡೋ ವಿಗಬಾಟ್ರಿನ್ ಔಷಧಿ ಕೆಲವರಿಗೆ ನೋಟದ ಅಂಚನ್ನ ಕಡಿಮೆ ಮಾಡುತ್ತೆ, ಹಾಗಾಗಿ ಕಣ್ಣಿನ ಕಾಯಿಲೆ ಇದೆ ಅಂತ ನರರೋಗ ಡಾಕ್ಟರಿಗೆ ನೀವೇ ಬಾಯಿಬಿಟ್ಟು ಹೇಳಿ. ಹೆದರ್ಕೊಂಡು ಔಷಧಿ ನಿಲ್ಲಿಸೋದು ಮಾತ್ರ ಬೇಡ, ಸ್ಪಾಸಮ್ ಬಿಟ್ರೆ ಮೆದುಳಿಗೆ ಆಗೋ ನಷ್ಟ ಜಾಸ್ತಿ.

ಕಾಗದ ಪತ್ರ

ಅಂಗವಿಕಲರ ಗುರುತಿನ ಚೀಟಿ ಯುಡಿಐಡಿ ಕಾರ್ಡ್ ಮಾಡಿಸಿ, ಅದರಲ್ಲಿ ಬರೀ ಅಂಧತ್ವ ಅಂತ ಬರೆಸದೆ ಬಹು ಅಂಗವೈಕಲ್ಯ ಅಂತ ಬರೆಸಿ, ಆಗ ನ್ಯಾಷನಲ್ ಟ್ರಸ್ಟ್‌ನ ನಿರಾಮಯ ವಿಮೆ ಸಿಗುತ್ತೆ, ವರ್ಷಕ್ಕೆ 1 ಲಕ್ಷದವರೆಗೆ, ಥೆರಪಿ ಖರ್ಚೂ ಸೇರಿ. ಅಪರೂಪದ ಕಾಯಿಲೆಗಳಿಗೆ ಕೇಂದ್ರ ಸರ್ಕಾರ ಮಾಡಿರೋ 2021ರ ನೀತಿಯಲ್ಲಿ 50 ಲಕ್ಷದವರೆಗೆ ನೆರವು ಇದೆ, ಆದ್ರೆ ಪಟ್ಟಿಯಲ್ಲಿರೋ ಕಾಯಿಲೆಗೆ ಮಾತ್ರ, ನಿಮ್ಮದು ಇದ್ಯಾ ಅಂತ ಕೇಳಿ ನೋಡಿ.

ಕೊನೇದು, ನೆಂಟರಿಗೆ ಹೇಳೋದು

ಇದು ನನಗೆ ಎಲ್ಲಕ್ಕಿಂತ ಕಷ್ಟ ಆಗಿದ್ದು. ನಮ್ಮ ಮನೆತನದಲ್ಲಿ ಇನ್ನೂ ಎಷ್ಟು ಜನರ ಮೈಯಲ್ಲಿ ಈ ಎರಡು ಜೀನ್ ಇದೆಯೋ. ಚಿಕ್ಕಮ್ಮನ ಮಗಳಿಗೆ ದೊಡ್ಡಮಾವನ ಮಗನ ಜೊತೆ ಮಾತುಕತೆ ನಡೀತಿತ್ತು. ಹೇಳಿದ್ರೆ ಮನೆ ಮರ್ಯಾದೆ ಅಂತಾರೆ, ಹೇಳದೇ ಇದ್ರೆ ರಾತ್ರಿ ನಿದ್ದೆ ಬರಲ್ಲ. ಅಜ್ಜಿನ ಮುಂದೆ ಕೂರಿಸ್ಕೊಂಡು ಚುಕ್ಕಿ ಇಟ್ಟೇ ತೋರಿಸ್ದೆ. ಅವರು ತುಂಬಾ ಹೊತ್ತು ಮಾತಾಡ್ಲಿಲ್ಲ, ಆಮೇಲೆ ಅವರೇ ಚಿಕ್ಕಮ್ಮಂಗೆ ಫೋನ್ ಮಾಡಿ "ಮೊದ್ಲು ಇಬ್ರದ್ದೂ ರಕ್ತ ಪರೀಕ್ಷೆ ಆಗ್ಲಿ, ಆಮೇಲೆ ತಾಂಬೂಲ" ಅಂದ್ರು. ಇಡೀ ಎಕ್ಸೋಮ್ ಬೇಕಾಗಿರ್ಲಿಲ್ಲ, ನಮ್ಮ ರಿಪೋರ್ಟಲ್ಲಿರೋ ಆ ಎರಡು ಜಾಗ ಮಾತ್ರ ನೋಡಿದ್ರೆ ಸಾಕು, ಖರ್ಚೂ ಕಮ್ಮಿ. ಪುಟ್ಟಿಯ ರಿಪೋರ್ಟಿನ ಒಂದು ಜೆರಾಕ್ಸ್ ಮಾಡಿಸಿ ಅವರ ಕೈಗೆ ಕೊಟ್ಟೆ.